ಶೇವಂತಾಬಾಯಿಯ ಕೌದಿಯಲ್ಲಿ ಬೆಂದ ಬೇಳೆ

ಶೇವಂತಾಬಾಯಿಯ ಕೌದಿಯನ್ನು ಇಲಿ ಕಡಿಯಲಿಲ್ಲ. ನಾನು ಸುಟ್ಟೆ. ಸುಟ್ಟ ಮೇಲೆ ಇಲಿಯ ಹೆಸರು ಹೇಳಿದೆ.

ಇಷ್ಟು ಬರೆಯಲು ಹದಿನಾಲ್ಕು ವರ್ಷ ಬೇಕಾಯಿತು — ಅದೂ ಕನ್ನಡದಲ್ಲಿ. ಶೇವಂತಾಬಾಯಿ ಔರಾದ ತಾಲೂಕಿನ ಡಾಬಕಾದವಳು. ಮಹಾರಾಷ್ಟ್ರದ ಗಡಿ ಅಲ್ಲಿಂದ ಕೂಗಳತೆ. ಆಕೆ ಶಾಲೆಯಲ್ಲಿ ಕಲಿತ ನಾಲ್ಕು ಇಯತ್ತೆಯೂ ಮರಾಠಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇದು ಗೊತ್ತಿದ್ದೇ ಕಾಗದ ಹಿಡಿದು ಕುಳಿತಿದ್ದೇನೆ. ನನ್ನ ಧೈರ್ಯ ಎಷ್ಟರದು ಎಂಬುದು ಇಲ್ಲಿಯೇ ನಿಮಗೆ ತಿಳಿಯಬೇಕು.

ಆ ಬರದ ವರ್ಷದ ಚಳಿಗಾಲದಲ್ಲಿ ಏನೇನು ಆಗಬಹುದೆಂದು ನಾನು ಹೆದರಿದ್ದೆ — ಅದನ್ನು ಮೊದಲು ಹೇಳಿಬಿಡುತ್ತೇನೆ. ಸಿಲಿಂಡರು ಸೋರಬಹುದು. ಸೋರದಿದ್ದರೆ ಮುಗಿಯಬಹುದು. ಮುಗಿದರೆ ಮುಂದಿನದು ಬಾರದೆ ಹೋಗಬಹುದು. ತಣ್ಣೀರಿನಲ್ಲಿ ಮಿಂದು ಮಗಳಿಗೆ ನ್ಯುಮೋನಿಯಾ ಆಗಬಹುದು. ಬಿಸಿನೀರಿನಲ್ಲಿ ಮಿಂದರೆ ನನಗೆ ಎದೆನೋವು ಬರಬಹುದು — ಗ್ಯಾಸಿನ ಚಿಂತೆಯಿಂದ. ಬಾಗಿಲು ಮುಚ್ಚಿ ಕೆಂಡದ ಬುಟ್ಟಿ ಇಟ್ಟುಕೊಂಡರೆ ಮೂವರೂ ಉಸಿರುಗಟ್ಟಿ ಒಟ್ಟಿಗೆ ಹೋಗಬಹುದು. ಶಾಲೆಯ ಮಕ್ಕಳು ಕೂಲಿಗೆ ಹೊರಟ ತಾಯಿತಂದೆಯ ಬೆನ್ನು ಹತ್ತಿ ಪುಣೆ, ಹೈದರಾಬಾದು ಅಂತ ಹೊರಟುಹೋಗಿ ನನ್ನ ಶಾಲೆಯ ಒಂದು ತರಗತಿ ಮುಚ್ಚಬಹುದು, ಆ ತರಗತಿ ನನ್ನದೇ ಇರಬಹುದು. ಟ್ಯಾಂಕರು ನಿಲ್ಲಬಹುದು. ಬೇಳೆ ಬೇಯದೆ ಹೊಟ್ಟೆ ಕೆಡಬಹುದು. ಹೊಟ್ಟೆ ಕೆಟ್ಟರೆ ನೀರು ಹೆಚ್ಚು ಬೇಕಾಗಬಹುದು —

ಸಿಲಿಂಡರು ಮುಗಿದದ್ದು ಬಿಟ್ಟರೆ ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಈ ಪಟ್ಟಿಯಲ್ಲೇ ಇರಲಿಲ್ಲ.

ಆಗ ನಾವು ಭಾಲ್ಕಿಯ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿ ಬಾಡಿಗೆ ಹಿಡಿದಿದ್ದೆವು. ನಾನು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪಗಾರ ಬಂದಾಗ ಬಂತು. ಹೆಂಡತಿ ಶಕುಂತಲಾ, ಹತ್ತು ವರ್ಷದ ಮಗಳು ಜಯಶ್ರೀ. ಅಂಗಳದ ಆಚೆಯ ಖೋಲಿಯಲ್ಲಿ ಶೇವಂತಾಬಾಯಿ, ಆಕೆಯ ಗಂಡ ಮಾರುತಿ; ಮಗ ಊರಲ್ಲಿ ಅಜ್ಜನ ಹತ್ತಿರ. ಮಾರುತಿ ದಿನಾ ರೈಲಿಗೆ ಬೀದರಿಗೆ ಹೋಗಿ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ಚೀಲ ಹೊರುತ್ತಿದ್ದ. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಗಂಜಿನಲ್ಲಿ ಹೊರಲು ಚೀಲವೇ ಉಳಿಯಲಿಲ್ಲ.

ತೊಗರಿ ಬರಲಿಲ್ಲವೆಂದರೆ ತೊಗರಿ ಕಟ್ಟಿಗೆಯೂ ಬರಲಿಲ್ಲ. ಪ್ರತಿ ವರ್ಷ ಠಾಣಾ ಕುಶನೂರಿನ ಅತ್ತೆಯ ಮನೆಯಿಂದ ಒಂದು ಬಂಡಿ ಕಟ್ಟಿಗೆ ಬರುತ್ತಿತ್ತು; ಸ್ನಾನದ ನೀರು, ಬೇಳೆ, ರೊಟ್ಟಿ ಎಲ್ಲ ಅದರ ಮೇಲೆಯೇ. ಆ ವರ್ಷ ನಮಗೆ ಉಳಿದದ್ದು ಒಂದು ಸಿಲಿಂಡರು ಮತ್ತು ನನ್ನ ಬುದ್ಧಿ. ಎರಡರಲ್ಲಿ ಸಿಲಿಂಡರೇ ನಂಬಿಕಸ್ಥ.

ಸಿಲಿಂಡರಿನ ಮೈಮೇಲೆ ಸೀಮೆಸುಣ್ಣದಿಂದ ತಾರೀಖು ಬರೆದೆ. ಎಣ್ಣೆಯ ಡಬ್ಬಿಗೆ ಕಪ್ಪು ಬಳಿದು ನೀರು ತುಂಬಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಮನೆಯವರ ಸ್ನಾನವನ್ನು ಮುಂಜಾನೆಯಿಂದ ಮಧ್ಯಾಹ್ನ ಮೂರಕ್ಕೆ ಸರಿಸಿದೆ. ಚಹಾ ದಿನಕ್ಕೊಮ್ಮೆ ಕುದಿಸಿ ಥರ್ಮಾಸಿಗೆ ಹಾಕುವುದು. ಸಂಜೆಯ ಹೊತ್ತಿಗೆ ಅದು ಕಷಾಯವಾಗಿರುತ್ತಿತ್ತು.

“ಈ ಚಾ ಒಮ್ಮಿ ಕುಡದ ಬೀಗರು ತಿರುಗಿ ನಮ್ಮನಿಗಿ ಬರಲ್ಲ ನೋಡ್ರಿ” ಎಂದಳು ಶಕುಂತಲಾ. “ಅದೂ ಉಳಿತಾಯನೇ. ಬರಕೋರಿ.”

ಕೊನೆಗೆ ಬಂದದ್ದು ಬೇಳೆಯ ಯೋಚನೆ. ಎಂಟನೆಯ ತರಗತಿಗೆ ಉಷ್ಣದ ಪಾಠ ಮಾಡುತ್ತಿದ್ದಾಗ ಹೊಳೆಯಿತು. ನೆನೆಸಿದ ಬೇಳೆಯನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿದ ಪಾತ್ರೆಯನ್ನು ಹಾಗೆಯೇ ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಒಳಗಿನ ಬಿಸಿಯಿಂದಲೇ ಅದು ಬೇಯಬೇಕು. ಗ್ಯಾಸು ಹತ್ತು ನಿಮಿಷದ್ದು ಮಾತ್ರ. ನನ್ನ ಶಾಲಿನಲ್ಲಿ ಸುತ್ತಿ ನೋಡಿದೆ, ಅರ್ಧ ಬೆಂದಿತು. ಇನ್ನೂ ದಪ್ಪನೆಯದು ಬೇಕಿತ್ತು. ಶಕುಂತಲಾ ಮೊದಲೇ ಹೇಳಿಟ್ಟಳು: “ನನ್ನ ಹಾಸಿಗಿಗಿ ಬ್ಯಾಳಿ ವಾಸನಿ ಹತ್ತಿತಂದ್ರ ನೀವು ಅಂಗಳದಾಗ ಮಲಕೋಬೇಕಾಗ್ತದ.”

ದಪ್ಪನೆಯದು ಇತ್ತು. ನಮ್ಮದಲ್ಲ.

ದೀಪಾವಳಿ ಮುಗಿದ ವಾರ ಶೇವಂತಾಬಾಯಿ ಮತ್ತು ಮಾರುತಿ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಹೊರಡುವ ಮುಂಜಾನೆ ಆಕೆ ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದುಕೊಂಡು ಬಂದದ್ದು ಆ ಕೌದಿಯನ್ನು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳು ಪದರಿನ ಮೇಲೆ ಪದರು; ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಬೆರಳಿಗೆ ಬಟ್ಟೆಗಿಂತ ದಾರವೇ ಸಿಗುತ್ತಿತ್ತು.

“ಇದೊಂದು ನಿಮ್ಮನ್ಯಾಗ ಇಟ್ಕೋರಿ ಮಾಸ್ತರ. ನಮ್ಮವ್ವ ಹೊಲ್ದಿದ್ದು. ಸಾಯೋಕ್ಕಿಂತ ಮೊದಲ ಇದೇ ಕಡೀದು. ಅಲ್ಲಿ ಸಿಮೆಂಟಿನ ಧೂಳದಾಗ ಹಾಳಾಗ್ತದ.”

“ಥಂಡಿ ಅದ ಶೇವಂತಾಬಾಯಿ, ತಗೊಂಡು ಹೋಗ್ರಿ” ಎಂದಳು ಶಕುಂತಲಾ.

“ನಮಗ ಖಾಲಿ ಸಿಮೆಂಟ್ ಚೀಲ ಇರ್ತಾವ್ರಿ, ಹೊಚ್ಕೋತೇವಿ. ತಿಂಗಳಿಗೊಮ್ಮಿ ಬಿಸಿಲಿಗಿ ಹಾಕ್ರಿ ಮಾಸ್ತರ, ಇಷ್ಟೇ.”

ಬಿಸಿಲಿಗೆ ಹಾಕಲೆಂದೇ ತೆಗೆದದ್ದು. ಮೊದಲ ಸಲ ಅದು ಖರೇ. ಸಂಜೆ ಮಡಚುವಾಗ ಅದರ ಹೊಟ್ಟೆಯಲ್ಲಿ ಇನ್ನೂ ಬಿಸಿಲು ಉಳಿದಿತ್ತು — ಕೈಗೆ ತಾಗಿತು. ಒಬ್ಬ ವಿಜ್ಞಾನದ ಮಾಸ್ತರನಿಗೆ ಅಷ್ಟು ಸಾಕಾಯಿತು. ಮರುದಿನ ಸೇಬಿನ ಹಣ್ಣಿನ ಕಟ್ಟಿಗೆ ಪೆಟ್ಟಿಗೆ ತಂದು, ಅದರಲ್ಲಿ ಕೌದಿ ಹಾಸಿ, ಬೇಳೆಯ ಪಾತ್ರೆ ಕೂಡಿಸಿ, ಉಳಿದದ್ದನ್ನು ಮೇಲೆ ಹೊದಿಸಿದೆ. ಎರಡು ತಾಸಿಗೆ ಬೇಳೆ ಬೆಣ್ಣೆ.

ಪುಣೆಯ ತಗಡಿನ ಶೆಡ್ಡಿನಲ್ಲಿ ಅವರಿಬ್ಬರು ಸಿಮೆಂಟ್ ಚೀಲ ಹೊದ್ದು ಮಲಗಿದ್ದರು. ಇಲ್ಲಿ ಅವರ ಕೌದಿ ಹೊದ್ದು ನಮ್ಮ ಬೇಳೆ ಮಲಗಿತ್ತು. ಈ ಮಾತು ಆಗ ನನಗೆ ಹೊಳೆಯಲಿಲ್ಲವೆಂದು ಬರೆಯುವ ಆಸೆಯಾಗುತ್ತದೆ. ಹೊಳೆದಿತ್ತು. ಪಾತ್ರೆಯ ತಳಕ್ಕೆ ಹಳೆಯ ವರ್ತಮಾನ ಪತ್ರಿಕೆ ಹಾಸಿ ಸಮಾಧಾನ ಮಾಡಿಕೊಂಡಿದ್ದೆ. ಸಿಲಿಂಡರು ಎಂದಿಗಿಂತ ಎಷ್ಟೋ ದಿನ ಹೆಚ್ಚು ಬಂತು. ಶಾಲೆಯಲ್ಲಿ ಉಳಿದ ಮಾಸ್ತರರಿಗೆ ಈ ಯುಕ್ತಿ ಹೇಳಿ ಮೆಚ್ಚುಗೆಯನ್ನೂ ಪಡೆದೆ. ಕೌದಿ ಯಾರದೆಂದು ಯಾರೂ ಕೇಳಲಿಲ್ಲ, ನಾನೂ —

ಸಂಕ್ರಾಂತಿಯ ನಂತರದ ಒಂದು ರವಿವಾರ ಸಿಲಿಂಡರು ಮುಗಿಯಿತು. ಮುಂದಿನದು ಬರಲು ನಾಲ್ಕು ದಿನ ಎಂದರು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಮುರಿದ ಕುರ್ಚಿಯ ಕಾಲು ಒಡೆದು ಒಲೆ ಹಚ್ಚಿದೆ. ಬೇಳೆ ಕುದಿಯಿತು. ಬಿಸಿ ಆರಿಹೋದೀತೆಂಬ ಗಡಿಬಿಡಿಯಲ್ಲಿ ತಳ ಒರೆಸದೆ, ಪತ್ರಿಕೆ ಹಾಸದೆ, ಓಡುತ್ತಾ ಹೋಗಿ ಪಾತ್ರೆಯನ್ನು ಪೆಟ್ಟಿಗೆಯಲ್ಲಿಟ್ಟೆ. ತಳದ ಮಸಿಗೆ ಒಂದು ಕೆಂಡದ ಚೂರು ಅಂಟಿಕೊಂಡಿತ್ತು. ಜೀವನವಿಡೀ ಬೆಂಕಿಗೆ ಹೆದರಿದ ಮನುಷ್ಯ, ಕೈಯಾರೆ ಅದನ್ನು ಹೊದಿಸಿ ಮಲಗಿಸಿದೆ.

ವಾಸನೆ ಬಂದಾಗ ಪಕ್ಕದ ಮನೆಯವರು ಏನೋ ಸುಡುತ್ತಿದ್ದಾರೆ ಎಂದುಕೊಂಡೆ. ಅವರಿಗೆ ಬುದ್ಧಿ ಇಲ್ಲ ಎಂದೂ ಅಂದುಕೊಂಡೆ.

ಪೆಟ್ಟಿಗೆ ತೆರೆದಾಗ ಕೌದಿಯ ಒಂದು ಮೂಲೆ ಹೊಗೆಯಾಡುತ್ತಿತ್ತು. ಅಂಗೈ ಅಗಲ ಹೋಗಿತ್ತು, ಅಷ್ಟೇ. ನೀರು ಚಿಮುಕಿಸಿ ಆರಿಸಿದೆ. ಸುಟ್ಟ ಪದರುಗಳ ನಡುವಿನಿಂದ ಜೋಳದ ಕಾಳು ಉದುರಿದವು — ಐದು. ಎರಡು ಅರಳಾಗಿದ್ದವು, ನಾಗರಪಂಚಮಿಯ ಅರಳಿನಷ್ಟೇ ಬೆಳ್ಳಗೆ. ಎರಡು ಕರಿ. ಒಂದು ಹಾಗೆಯೇ ಇತ್ತು. ಕೌದಿಯೊಳಗೆ ಜೋಳ ಹೇಗೆ ಬಂತೋ ತಿಳಿಯಲಿಲ್ಲ.

ಬೇಳೆ ಮಾತ್ರ ಚೆನ್ನಾಗಿ ಬೆಂದಿತ್ತು. ಅದನ್ನು ಉಂಡೆವು. ಇದನ್ನೂ ಹೇಳಬೇಕು.

“ಬಂದ ಮ್ಯಾಲ ಹೇಳಿಬಿಡ್ರಿ” ಎಂದಳು ಶಕುಂತಲಾ. “ಬೈತಾಳ. ಎರಡು ದಿನ ಮಾತಾಡಲ್ಲ. ಆಮ್ಯಾಲ ಆಕಿನೇ ಹೊಲಕೋತಾಳ.”

ಇಷ್ಟೇ ಆಗಬೇಕಿತ್ತು. ಆದರೆ ನನ್ನ ತಲೆ ಎರಡೇ ದಿನಕ್ಕೆ ನಿಲ್ಲುವುದಿಲ್ಲ. ಆಕೆ ವಾಡೆಯವರಿಗೆಲ್ಲ ಹೇಳಿದರೆ? ನಂಬಿ ಕೊಟ್ಟದ್ದರಲ್ಲಿ ಬೇಳೆ ಬೇಯಿಸಿದ ಮಾಸ್ತರ ಎಂದು ಶಾಲೆಯವರೆಗೆ ಹೋದರೆ? ತರಗತಿ ಕಡಿಮೆ ಮಾಡುವಾಗ ಇದೇ ನೆಪವಾದರೆ? ಮಧ್ಯಾಹ್ನ ಶಕುಂತಲಾ ನೀರಿನ ಪಾಳಿಗೆ ಹೋದಾಗ ಬಾಗಿಲು ಹಾಕಿಕೊಂಡು ಕತ್ತರಿ ತೆಗೆದೆ. ಸುಟ್ಟ ಅಂಚನ್ನೆಲ್ಲ ಕತ್ತರಿಸಿ ತೆಗೆದೆ. ತೀರಾ ನೇರವಾಯಿತು, ಇಲಿ ಹೀಗೆ ಕತ್ತರಿಸುವುದಿಲ್ಲ. ಉಗುರಿನಿಂದ ಎಳೆದೆ, ದಾರ ಬರಲಿಲ್ಲ — ಆಕೆಯ ಅವ್ವನ ಹೊಲಿಗೆ ಅಷ್ಟು ಗಟ್ಟಿ. ಕೊನೆಗೆ ಹಲ್ಲು ಹಚ್ಚಿದೆ. ಮೂವತ್ತೆಂಟು ವರ್ಷದ ಪದವೀಧರ, ನೆಲದ ಮೇಲೆ ಕುಳಿತು ಕೌದಿ ಕಡಿದೆ. ಬಾಯಿಗೆ ಹೊಗೆಯ ರುಚಿ ಬಂತು. ಉಳಿದಿದ್ದ ಆ ಒಂದು ಜೋಳದ ಕಾಳನ್ನು ತೂತಿನ ಅಂಚಿನಲ್ಲಿ ಸಿಕ್ಕಿಸಿದೆ. ಇಲಿ ಬರುವುದಕ್ಕೂ ಒಂದು ಕಾರಣ ಬೇಕಲ್ಲ.

ಯುಗಾದಿಗೆ ನಾಲ್ಕು ದಿನ ಮೊದಲು ಅವರು ಬಂದರು. ಶೇವಂತಾಬಾಯಿ ಇಳಿದುಹೋಗಿದ್ದಳು, ಕೆಮ್ಮು ಹಿಡಿದಿತ್ತು. ಮೋರೆ ತೊಳೆಯುವ ಮೊದಲೇ ಕೌದಿ ಕೇಳಿದಳು. ನಾನೇ ತಂದುಕೊಟ್ಟೆ, ಮೂಲೆ ಮೇಲೆ ಕಾಣುವಂತೆ ಮಡಚಿ. ಪ್ರಾಮಾಣಿಕರು ಹಾಗೆ ಮಾಡುತ್ತಾರೆಂದು ಎಣಿಸಿದ್ದೆ.

“ಇಲಿ ಕಡ್ದಾವ್ರಿ” ಎಂದೆ. “ಹೊಲದಾಗ ಏನೂ ಇಲ್ಲಲ್ಲ, ಎಲ್ಲಾ ಊರಾಗೇ ಬಂದಾವ.”

ಶಕುಂತಲಾ ಒಳಗಿನಿಂದ ಬರಲೇ ಇಲ್ಲ.

ಶೇವಂತಾಬಾಯಿ ಬೈಯಲಿಲ್ಲ. ತೂತಿನೊಳಗೆ ಬೆರಳಾಡಿಸಿದಳು. ಆ ಕಾಳು ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡಳು.

“ನಿಮ್ದೇನ್ ತಪ್ಪದ್ರಿ ಮಾಸ್ತರ. ತಪ್ಪು ನಮ್ಮವ್ವಂದ. ಕೌದಿ ಹೊಲ್ದು ಮುಗಿಸೋ ಮುಂದ ಕಡೀ ಮೂಲಿಗಿ ಐದು ಕಾಳು ಜ್ವಾಳ ಹಾಕಿ ಮುಚ್ಚೋದು ನಮ್ಮಲ್ಲಿ. ಕೌದಿ ಹೊಟ್ಟಿ ಖಾಲಿ ಇಡಬಾರದು, ಹೊಚ್ಕೊಂಡವರು ಉಪಾಸ ಮಲಗ್ತಾರ ಅಂತಿದ್ದಳು.” ಕಾಳನ್ನು ಅಂಗಳಕ್ಕೆ ಒಗೆದಳು. “ಹುಚ್ಚಿ ಇದ್ದಳ್ರಿ ನಮ್ಮವ್ವ. ಇಲಿನ ಕರದು ಒಳಗ ಕೂಡಿಸ್ಯಾಳ.”

ಆಗ ಹೇಳಬಹುದಿತ್ತು. ಬಾಯಿ ತೆರೆದದ್ದೂ ನೆನಪಿದೆ. “ಚಾ ಕುಡೀರಿ” ಎಂದೆ. ಥರ್ಮಾಸಿನದು.

ಆಮೇಲೆ ಮಳೆ ಬಂತು, ತೊಗರಿ ಬಂತು, ಕಟ್ಟಿಗೆಯೂ ಬಂತು. ನನ್ನ ತರಗತಿ ಮುಚ್ಚಲಿಲ್ಲ. ಧೂಳಿನ ಕೆಮ್ಮಿನಿಂದ ಶೇವಂತಾಬಾಯಿ ಮತ್ತೆ ಪುಣೆಗೆ ಹೋಗಲಿಲ್ಲ. ಮನೆಯಲ್ಲೇ ಕುಳಿತು ಕೌದಿ ಹೊಲಿಯತೊಡಗಿದಳು. ಈಗ ನಮ್ಮ ಓಣಿಯಲ್ಲಿ ಆಕೆ ಹೊಲಿದ ಕೌದಿ ಇಲ್ಲದ ಮನೆ ಕಡಿಮೆ. ಸೊಸೆಗೂ ಕಲಿಸಿದ್ದಾಳೆ.

ಜಯಶ್ರೀ ಈಗ ಬಾಣಂತನಕ್ಕೆ ಬಂದಿದ್ದಾಳೆ. ಹುಟ್ಟುವ ಕೂಸಿಗೆಂದು ಶಕುಂತಲಾಳ ಹಳೆಯ ಸೀರೆಗಳಿಂದ ಶೇವಂತಾಬಾಯಿ ಒಂದು ಸಣ್ಣ ಕೌದಿ ಹೊಲಿದು ಹೋದ ವಾರ ತಂದುಕೊಟ್ಟಳು. ಎಷ್ಟು ಹೇಳಿದರೂ ಕೂಲಿ ಮುಟ್ಟಲಿಲ್ಲ. “ನನ್ನ ಕೌದಿ ನಾಕೈದು ತಿಂಗಳ ಕಾದೀರಿ, ನಿಮ್ಮ ಕಡಿಂದ ತಗೋಲೇನ್ರಿ?” ಎಂದಳು.

ಆಕೆ ಚಹಾ ಕುಡಿಯುವಾಗ ನಾನು ಕೌದಿಯ ನಾಲ್ಕೂ ಮೂಲೆ ಒತ್ತಿ ನೋಡಿದೆ. ಮೆತ್ತಗೆ. ಯಾವುದರಲ್ಲೂ ಏನೂ ಸಿಗಲಿಲ್ಲ.

“ಜ್ವಾಳ ಹಾಕಿಲ್ಲೇನ್ರಿ ಇದಕ?”

“ಅದೆಲ್ಲ ಅವತ್ತೇ ಬಿಟ್ಟೀನ್ರಿ ಮಾಸ್ತರ. ಸೊಸಿಗೂ ಹೇಳೀನಿ, ಹಾಕಬ್ಯಾಡ ಅಂತ. ನಿಮ್ಮನ್ಯಾಗ ಏನಾಯ್ತು ಕಣ್ಣಾರೆ ನೋಡೀನಲ್ಲ.” ನಕ್ಕಳು. “ಅವ್ವನ ಮಾತು ಕೇಳಿ ಒಂದು ಸಲ ಕಳಕೊಂಡೀನಿ, ಸಾಕು.”

ಶಕುಂತಲಾ ನನ್ನ ಕಡೆ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳು ಈ ಮಾತು ಎತ್ತಿಲ್ಲ.

ಅದಕ್ಕೇ ಈ ಕಾಗದ. ಓದಿ ತೋರಿಸಲು ನಾಳೆ ಮುಂಜಾನೆ ಆಕೆಯ ಮನೆಗೆ ಹೋಗುತ್ತೇನೆ. ಓದಲು ಬರದಿದ್ದರೇನು, ಕೇಳಿದರೆ ತಿಳಿಯುತ್ತದೆ. ಹಲ್ಲು ಹಚ್ಚಿದ್ದನ್ನೂ ಬಿಡದೆ ಓದುತ್ತೇನೆ. ಕೂಸಿನ ಕೌದಿಯನ್ನೂ ಒಯ್ಯುತ್ತೇನೆ, ಚೀಟಿಯಲ್ಲಿ ಐದು ಕಾಳು ಜೋಳ ಕಟ್ಟಿಕೊಂಡು. ಮೂಲೆ ಬಿಚ್ಚಿ ಹಾಕಿಕೊಡುತ್ತಾಳೋ, ಕೌದಿಯನ್ನೇ ಕಸಿದುಕೊಂಡು ಬಾಗಿಲು ಹಾಕುತ್ತಾಳೋ — ಅದು ಆಕೆಗೆ ಬಿಟ್ಟದ್ದು.

ಸಿಲಿಂಡರು ಸೋರಲಿಲ್ಲ, ಯಾರ ಉಸಿರೂ ಕಟ್ಟಲಿಲ್ಲ, ಮಗಳಿಗೆ ನೆಗಡಿ ಸಹ ಆಗಲಿಲ್ಲ. ಡಾಬಕಾದ ಒಬ್ಬ ಮುದುಕಿ ಮಗಳಿಗೆ ಕಲಿಸಿಹೋದ ಒಂದು ಮಾತು ಸುಳ್ಳಾಯಿತು. ನಮ್ಮ ಓಣಿಯ ಕೌದಿಗಳಿಗೆಲ್ಲ ಈಗ ಒಂದು ಮೂಲೆ ಖಾಲಿ. ಕೆಟ್ಟದ್ದು ಅಷ್ಟೇ.