ಕೋಳಿ ಕೂಗುವ ಮುಂಚಿನ ಬುಧವಾರ

ಬೆಳಗಿನ ಜಾವ ಮೂರೂ ಇಪ್ಪತ್ತು. ಶ್ರೀರಂಗಪಟ್ಟಣದ ಪುಟ್ಟ ಮನೆಯಲ್ಲಿ ಅಲ್ಮಾಸ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಕಣ್ಣು ಮಾತ್ರ ಮೊಬೈಲ್ ಮೇಲೆ. ದೂರದ ದೇವಲಾಪುರದತ್ತ ಅವರ ತಂದೆ ಪೀರ್ ಅಹಮದ್ ಡಯಾಲಿಸಿಸ್ ರೋಗಿಗಳ ವ್ಯಾನು ಓಡಿಸುತ್ತಿದ್ದಾರೆ. ಊರಾಚೆಯ ತಿರುವಿನಲ್ಲಿ ರೋಗಿ ದೇವಯ್ಯ ಇವತ್ತಾದರೂ ನಿಂತಿರುತ್ತಾರಾ?

ಕಳೆದ ಬುಧವಾರ ನಿಂತಿರಲಿಲ್ಲ.

ಪಾಂಡವಪುರದ ಖಾಸಗಿ ಕೇಂದ್ರವೊಂದಕ್ಕೆ ನಾಲ್ಕು ತಾಲ್ಲೂಕಿನಿಂದ ನಲವತ್ತಾರು ರೋಗಿಗಳು, ವಾರಕ್ಕೆ ಮೂರು ಸಲ. ವ್ಯಾನು ಬರುವ ಹೊತ್ತನ್ನು ಅವರ ಮೊಬೈಲಿಗೆ ತಿಳಿಸುವ ಜಾವಾ ಪ್ರೋಗ್ರಾಂ ಅಲ್ಮಾಸ್ ಬರೆದದ್ದು. ಭಾಷೆ ಕನ್ನಡ ಅಂದರೆ ಸಾಕು, ದಿನ, ಗಂಟೆಯನ್ನು ಜಾವಾ ತಾನೇ ಕನ್ನಡದಲ್ಲಿ ಕೊಡುತ್ತದೆ. ಹಾಗೇ ಹೋಗಿತ್ತು ದೇವಯ್ಯನಿಗೆ ಮೊದಲ ಸಂದೇಶ: 'ಬುಧವಾರ, 3:30 ಪೂರ್ವಾಹ್ನ.'

ವ್ಯಾನು ಹತ್ತು ನಿಮಿಷ ಕಾದು ಹೊರಟಿತು; ಒಳಗೆ ಇನ್ನೂ ಐವರಿದ್ದರು, ದೇವಯ್ಯನ ಫೋನು ಆಫ್. ಅವರು ಹೆಂಡತಿ ಚಲುವಮ್ಮನ ಜೊತೆ ಅಲ್ಲಿಗೆ ಬಂದದ್ದು ಬುಧವಾರ ರಾತ್ರಿ ಉಂಡು ಮಲಗಿ ಎದ್ದ ಮೇಲೆ. ಒಂದು ದಿನ ತಡ. ಬೆಳಕು ಹರಿಯುವವರೆಗೂ ಕಾದರು. ಗುರುವಾರ ಮಧ್ಯಾಹ್ನ ದೇವಯ್ಯನಿಗೆ ಉಸಿರು ಸಿಕ್ಕಿಕೊಂಡು ಆಂಬುಲೆನ್ಸ್ ಕರೆಸಬೇಕಾಯಿತು; ಆಸ್ಪತ್ರೆಯಿಂದ ಮನೆಗೆ ಬಂದದ್ದು ಈ ಸೋಮವಾರ.

ಕ್ಷಮೆ ಕೇಳಲು ಅಲ್ಮಾಸ್ ಫೋನ್ ಮಾಡಿದಾಗ ಚಲುವಮ್ಮ ಬೈಯಲಿಲ್ಲ, ಕೇಳಿದರು: "ಕೋಳಿ ಕೂಗ್ದೆ ಬುಧವಾರ ಎಲ್ಲಿಂದ ಬಂದದವ್ವಾ?"

ಆ ಮಾತು ಅಲ್ಮಾಸ್‌ಗೆ ನಿದ್ದೆ ಕೊಟ್ಟಿಲ್ಲ. "ನಮ್ಮನೇಲಿ ಹೊತ್ತು ಮುಳುಗಿ ಮಗ್ರಿಬ್ ನಮಾಜ್ ಆದ್ರೆ ಮಾರನೇ ದಿನ ಶುರು. ಅವ್ರಿಗೆ ಕೋಳಿ ಕೂಗಿದ್ರೆ. ಜಾವಾಕ್ಕೆ ಹನ್ನೆರಡು ಹೊಡೆದ್ರೆ. ನಾನು ಜಾವಾನೇ ನಂಬ್ಕೊಂಡು ಕೂತಿದ್ದೆ," ಎನ್ನುತ್ತಾರೆ.

ಯಾರ ಮಡಿಲಿಗೂ ಸೇರದ ಆ ಹೊತ್ತಿಗೆ ಈಗ ಅವರದೇ ನಿಯಮ. ರಾತ್ರಿ ಹನ್ನೆರಡರಿಂದ ಬೆಳಗಿನ ಐದರೊಳಗಿನ ಸಮಯವಾದರೆ 'ಪೂರ್ವಾಹ್ನ' ಬೇಡ, ಹಿಂದಿನ ದಿನದ ಹೆಸರೂ ಜೊತೆಗೆ ಬರಬೇಕು. ಹಿಂದಿನ ದಿನ ಸರಿಯಾಗಿ ಬರುತ್ತದೆಯೇ ಎಂದು ತಿಂಗಳ ಮೊದಲ ದಿನ, ವರ್ಷದ ಮೊದಲ ದಿನ ಹಾಕಿ ಹಾಕಿ ನೋಡಿದ್ದಾರೆ. ನಿನ್ನೆ ಹೋದ ಸಂದೇಶ: 'ಮಂಗಳವಾರ ರಾತ್ರಿ ಕಳೆದು, ಬುಧವಾರ ಕೋಳಿ ಕೂಗುವ ಮುಂಚೆ, ಮೂರೂವರೆಗೆ ವ್ಯಾನು.'

ಮೂರೂವರೆ ಆಯಿತು. ಮೂರೂ ನಲವತ್ತು. ಇನ್ನೊಂದು ಸಲ ತಪ್ಪಿದರೆ ದೇವಯ್ಯ ತಡೆಯಲಾರರು.

ಮೊಬೈಲ್ ಅದುರಿತು. "ಬಂದವ್ರೆ, ಬೇಟಿ," ಎಂದರು ಪೀರ್ ಅಹಮದ್. "ಟವಲ್ ಸುತ್ಕೊಂಡು ಕಲ್ಲಿನ ಮೇಲೆ ಕೂತವ್ರೆ."

ಅಲ್ಮಾಸ್ ಶುಕ್ರವಾರದ ವ್ಯಾನು ಯಾವತ್ತು ಅಂತ ಚಲುವಮ್ಮನನ್ನೇ ಕೇಳಿ ಅಬ್ಬಾ, ಅಂದರು ತಂದೆಗೆ.

ಫೋನಿನಲ್ಲಿ ವ್ಯಾನಿನ ಗುಡುಗುಡು, ಅದರ ಮೇಲೆ ಚಲುವಮ್ಮನ ದನಿ: "ಗುರುವಾರ ಉಂಡು ಮನಿಕಂಡು ಏಳಾದು ತಾನೆ? ಅದ್ಯಾಕೆ ಅಷ್ಟೊಂದ್ ಕೇಳ್ತೀರಿ?"