ವಿಮ್ ಬಿಡದ ಮೈತ್ರೇಯಿ

ಮೈತ್ರೇಯಿ ಕೋಡ್ ಬರೆಯಲು ಕೂತರೆ ಮೌಸ್ ಮುಟ್ಟುತ್ತಿರಲಿಲ್ಲ. ಗುರುಗ್ರಾಮದಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಕಂಪನಿಯ ಸರ್ವರ್ ಎಲ್ಲೋ ದೂರ, ನೆಟ್ ಆಮೆಗತಿ. ಆ ನೆಟ್‌ನಲ್ಲಿ ತೆರೆದುಕೊಳ್ಳುತ್ತಿದ್ದ, ಕೋಡ್ ಬರೆಯುವ ಎಡಿಟರ್ ಎಂದರೆ ಬರೀ ಕೀಬೋರ್ಡಿನಿಂದ ನಡೆಯುವ ವಿಮ್ ಒಂದೇ. ಅದರಿಂದ ಹೊರಬರುವುದು ಹೇಗೆಂದು ತಿಳಿಯದೆ ಮೊದಲ ದಿನ ಕಂಪ್ಯೂಟರನ್ನೇ ಆಫ್ ಮಾಡಿದ್ದಳು. ಆಮೇಲೆ ಕೈಗೆ ಹತ್ತಿತು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಹಾಗೇ. ಉಳಿದವರು ಅದನ್ನು ಕಾಗೆ ಕಾಲು ಗುಬ್ಬಿ ಕಾಲು ಎಂದು ನಗುತ್ತಿದ್ದರು. ಅವಳಿಗೆ ಅದರಲ್ಲಿ ಯೋಚಿಸಿದಷ್ಟೇ ವೇಗದಲ್ಲಿ ಬರೆಯಲು ಬರುತ್ತಿತ್ತು.

ಮ್ಯಾನೇಜರ್ ಬದಲಾದಂತೆಲ್ಲ ಭಾಷೆ ಬದಲಾಯಿತು. ಜಾವಾ ಬಂತು, ಪೈಥಾನ್ ಬಂತು, ಗೋ ಬಂತು. ಮೊದಮೊದಲು ಜಗಳವಾಡಿ, ಆಮೇಲೆ ಸುಮ್ಮನೆ, ಎಲ್ಲವನ್ನೂ ಕಲಿತಳು. ಎಡಿಟರ್ ಮಾತ್ರ ಬಿಡಲಿಲ್ಲ.

ಈ ವರ್ಷ ಅದಕ್ಕೂ ಕುತ್ತು ಬಂತು. ಎಲ್ಲರೂ ಒಂದೇ ಹೊಸ ಎಡಿಟರ್ ಬಳಸಬೇಕೆಂದು ಆದೇಶ. ಅರ್ಧ ಸಾಲು ಬರೆಯುವಷ್ಟರಲ್ಲಿ ಉಳಿದರ್ಧವನ್ನು ಅದು ತಾನಾಗಿ ಬೂದು ಅಕ್ಷರದಲ್ಲಿ ಬರೆದು ತೋರಿಸುತ್ತಿತ್ತು. ಬೇಡವೆಂದರೆ ಇನ್ನೊಂದನ್ನು ತೋರಿಸುತ್ತಿತ್ತು. ಸಂಜೆಯ ಹೊತ್ತಿಗೆ ಅವಳಿಗೆ ಕೋಡ್ ಬರೆದ ದಣಿವಲ್ಲ, ಇಡೀ ದಿನ ಬೇಡ ಬೇಡ ಎಂದ ದಣಿವು. ಅದು ತೋರಿಸಿದ್ದು ಸರಿಯಿದ್ದಾಗ ಇನ್ನೂ ಬೇಸರ.

"ಅಮ್ಮಾ, ಛೋಡೋ ನಾ! ಅದೇ ಬರೆದುಕೊಡುತ್ತೆ ಅಂದ್ರೆ ನಿಂಗೆ ಕ್ಯಾ ಪ್ರಾಬ್ಲಂ?" ಎಂದಳು, ಹಿಂದಿ ಬೆರೆಸಿಯೇ ಮಾತಾಡುವ ಮಗಳು ಪ್ರಕೃತಿ. ಮೈತ್ರೇಯಿ ಅನ್ನಕ್ಕೂ ಇಡದೆ ಹೋಗಿ ಮಲಗಿದಳು.

ಮರುದಿನ, ತನಗೆ ವಿಮ್ ಬಿಟ್ಟುಕೊಡಿ ಎಂದು ಕೇಳಲು ಟೀಮ್ ಲೀಡ್ ಅನೂಪ್‌ನ ಬಳಿ ಹೋದಳು. ಉಡುಪಿಯವನು, ವಯಸ್ಸಿನಲ್ಲಿ ಚಿಕ್ಕವನು; ಸುತ್ತ ಯಾರೂ ಇಲ್ಲದಾಗ ಅವಳೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ.

"ನನ್ನ ಕೈಯಲ್ಲಿಲ್ಲ ಮೇಡಂ. ಹೊಸದರಲ್ಲೂ ವಿಮ್ ಕೀಗಳನ್ನ ಹಾಕ್ಕೋಬಹುದಲ್ಲ?"

"ಹಾಕ್ಕೊಂಡು ನೋಡಿದೆ. ಅರ್ಧಂಬರ್ಧ ಕೆಲಸ ಮಾಡ್ತವೆ." ಹೊರಡಲು ಎದ್ದವಳು ತಿರುಗಿ ಕೇಳಿದಳು, "ಆ ಹಳೇ ಬುಕಿಂಗ್ ಪ್ರೋಗ್ರಾಂ ಯಾರು ನೋಡ್ಕೋತಿದ್ದಾರೆ?"

"ಆ ಪರ್ಲ್‌ನದ್ದಾ? ಯಾರೂ ಇಲ್ಲ. ಆ ಸರ್ವರ್‌ನಲ್ಲಿ ಹೊಸ ಎಡಿಟರ್ ಓಡೋದೇ ಇಲ್ಲ, ವಿಮ್ ಒಂದೇ..." ಹೇಳುತ್ತಿದ್ದಂತೆ ಅವನಿಗೆ ಅರ್ಥವಾಯಿತು. "ಮೇಡಂ, ಅಲ್ಲಿಗೆ ಹೋದ್ರೆ ಪ್ರಮೋಷನ್ ಮರೆತುಬಿಡಿ. ಇನ್ನೆರಡು ವರ್ಷದಲ್ಲಿ ಅದನ್ನೇ ಮುಚ್ತಾರೆ."

"ಗೊತ್ತು. ಅಲ್ಲಿಗೇ ಹಾಕ್ಬಿಡಿ ಅನೂಪ್."

ಈಗ ಅವಳ ಕುರ್ಚಿ ಲಿಫ್ಟಿನ ಪಕ್ಕದ ಮೂಲೆಯಲ್ಲಿದೆ. ಮೀಟಿಂಗಿಗೆ ಯಾರೂ ಕರೆಯುವುದಿಲ್ಲ. ಎಂದೋ ಯಾರೋ ಬರೆದಿಟ್ಟ ಸಿಕ್ಕುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಪರ್ಲ್ ಮೇಲಿನ ಪ್ರೀತಿಯೂ ಸವೆದಿದೆ. ಕೆಲವು ಸಾಲು ಓದಿ ಅವಳೇ ಬೈದುಕೊಳ್ಳುತ್ತಾಳೆ. ಸಂಜೆ ದೆಹಲಿಯ ಹೌಜ್ ಖಾಸ್‌ನಲ್ಲಿ ಮೆಟ್ರೋ ಇಳಿಯುವಾಗ ಕಣ್ಣು ಮೊದಲಿನಂತೆಯೇ ಉರಿಯುತ್ತದೆ. ಆದರೂ ಮನೆಗೆ ಬಂದು, ಅನ್ನಕ್ಕಿಟ್ಟು, ಪ್ರಕೃತಿಯ ಕಾಲೇಜಿನ ಸುದ್ದಿ ಕೇಳುವಷ್ಟು ತ್ರಾಣ ಈಗ ಉಳಿದಿರುತ್ತದೆ.