ಒಂಬತ್ತು ವರ್ಷಕ್ಕೆ ಮೂರು ಸಲ

ಭಾಗ್ಯಲಕ್ಷ್ಮಿ ಗ್ಯಾಲಕ್ಸಿಗಳ ದೂರದ ಲೆಕ್ಕ ಹಾಕುತ್ತಿದ್ದದ್ದು ದಾವಣಗೆರೆ ಎಸ್.ಎಸ್. ಬಡಾವಣೆಯ ಮನೆಯ ಅಡುಗೆ ಕಟ್ಟೆಯ ಮೇಲೆ. ಒಂದು ಕಡೆ ಲ್ಯಾಪ್‌ಟಾಪ್, ಇನ್ನೊಂದು ಕಡೆ ಜೋಳದ ಹಿಟ್ಟು. ಬೆಳಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಮಧ್ಯಾಹ್ನ ಬಟ್ಟೆ, ಪಾತ್ರೆ, ಆಮೇಲೆ ರೊಟ್ಟಿ. ಪಿಎಚ್.ಡಿ. ಏನಿದ್ದರೂ ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ. ಅಕ್ಕಪಕ್ಕದ ಗ್ಯಾಲಕ್ಸಿಗಳ ದೂರ ಅಳೆಯುವಾಗ ಲೆಕ್ಕದಲ್ಲಿ ನುಸುಳುವ ತಪ್ಪು ಅವಳ ವಿಷಯ.

ಆ ಮಂಗಳವಾರ ಪರದೆಯ ಮೇಲೆ ಗ್ರಾಫಿನ ಚುಕ್ಕಿಗಳ ನಡುವೆ ಗೆರೆ ಕೂಡುವುದನ್ನು ನೋಡುತ್ತ ನಿಂತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದಿತು. ಊಟಕ್ಕೆ ಕೂತಿದ್ದ ಗಂಡ ಸಿದ್ದೇಶ್ ಎದ್ದು ಬಂದ. ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು, ಎಡ ಅಂಗೈಯನ್ನು ಕಾದ ಹಂಚಿಗೆ ಒತ್ತಿ ಹಿಡಿದ. ಬಿಟ್ಟಾಗ ಚರ್ಮ ಹಂಚಿನ ಮೇಲೇ ಉಳಿಯಿತು. ಲ್ಯಾಪ್‌ಟಾಪನ್ನು ನೆಲಕ್ಕೆ ಬಡಿದು, ಇನ್ನೊಂದು ರೊಟ್ಟಿ ಹಾಕು ಅಂದ. ಬಲಗೈಯೊಂದರಲ್ಲೇ ತಟ್ಟಿ ಹಾಕಿದಳು. ಅವನು ಉಂಡು ತನ್ನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹೋದ ಮೇಲೆ ಬಸ್ ಹತ್ತಿ ಹರಿಹರಕ್ಕೆ, ತಾಯಿ ಓಬವ್ವನ ಮನೆಗೆ ಬಂದುಬಿಟ್ಟಳು.

ಭಾನುವಾರ ಸಿದ್ದೇಶನನ್ನೂ ಕರೆಸಿ ಅಲ್ಲೇ ಹಿರಿಯರು ನ್ಯಾಯಕ್ಕೆ ಕೂತರು. ಅವಳು ಆ ಮನೆಗೆ ವಾಪಸ್ ಹೋಗಬೇಕೋ ಬೇಡವೋ, ಅದೊಂದೇ ಮಾತು. ತೀರ್ಮಾನ ಸೋದರಮಾವ ಕೆಂಚಣ್ಣನದು. ಕೂತವರಿಗೆಲ್ಲ ಒಗ್ಗರಣೆ ಮಂಡಕ್ಕಿ ಕಲಸಿ ಚಹಾ ಕಾಸಿ ಕೊಟ್ಟವಳು ಸುಟ್ಟ ಕೈಯ ಭಾಗ್ಯಲಕ್ಷ್ಮಿಯೇ.

ಕೆಂಚಣ್ಣ ಬೆರಳು ಮಡಿಚಿದ. “ನನ್ನ ಮೊಮ್ಮಗನ ನಾಮಕರಣದ ದಿನ ನಿನ್ನ ತುಟಿ ಒಡೆದಿತ್ತು, ಎಲ್ಲರೂ ನೋಡಿವಿ. ಒಂದ್ಸಲ ಹಣೆಗೆ ಹೊಲಿಗೆ. ಒಂದ್ಸಲ ತೋಳು ಮುರಿದು ಪ್ಲಾಸ್ಟರ್. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೂರು ಸಲ. ಇಷ್ಟು ಯಾರ ಮನೇಲಿ ಇಲ್ಲ, ಹೇಳು ತಾಯಿ.”

“ಈ ಕೈ, ಮಾವ?”

“ರೊಟ್ಟಿ ಮಾಡೋರಿಗೆ ಕೈ ಸುಡದೇ ಇರ್ತೈತಾ?”

“ಮನೇಲಿ ಉಪ್ಪು ಎಲ್ಲೈತೆ ಅಂತ ಗೊತ್ತಿಲ್ಲ, ಆಕಾಶದಾಗ ಯಾವುದು ಎಷ್ಟು ದೂರ ಐತೆ ಅಂತ ಅಳೀತಾಳೆ,” ಅಂದ ಸಿದ್ದೇಶ್. ಕೂತವರು ನಕ್ಕರು.

“ಆ ಅಳತೆದೇ ಹೇಳ್ತೀನಿ, ಕೇಳ್ರಿ,” ಅಂದಳು ಭಾಗ್ಯಲಕ್ಷ್ಮಿ. “ದೂರದ ಗ್ಯಾಲಕ್ಸಿಯಾಗ ಜೋರು ಬೆಳಕಿನ ನಕ್ಷತ್ರ ಮಾತ್ರ ನಮಗೆ ಕಾಣ್ತಾವೆ. ಮಬ್ಬಿರೋವು ಕಾಣಲ್ಲ, ಪಟ್ಟಿಗೂ ಸೇರಲ್ಲ. ಕಂಡವನ್ನೇ ಎಲ್ಲದರ ಸರಾಸರಿ ಅಂದ್ಕೊಂಡ್ರೆ, ಗ್ಯಾಲಕ್ಸಿ ಇರೋದಕ್ಕಿಂತ ಹತ್ತಿರ ಐತೆ ಅಂತ ಲೆಕ್ಕ ಬರ್ತೈತೆ. ಅಳೆದೋರು ಸುಳ್ಳು ಹೇಳಿರಲ್ಲ ಮಾವ. ಕಾಣದೇ ಇದ್ದದ್ದು ಇಲ್ಲವೇ ಇಲ್ಲ ಅಂದ್ಕೊಂಡಿರ್ತಾರೆ. ನೀವು ಎಣಿಸಿದ ಮೂರು ಏಟೂ ಮುಖ, ತೋಳಿನ ಮ್ಯಾಲೆ ಬಿದ್ದವು. ಬೆನ್ನು, ತೊಡೆ ಮ್ಯಾಲಿನವು ನಿಮ್ಮ ಪಟ್ಟಿಯಾಗ ಇಲ್ಲ.”

“ಹಂಗಾರೆ ಒಟ್ಟು ಎಷ್ಟು?”

“ಇಷ್ಟೇ ಅಂತ ಹೇಳಾಕಾಗಲ್ಲ. ವಾರಕ್ಕೊಂದು ಅಂದ್ರೂ ಕಮ್ಮಿನೇ.”

“ನೋಡ್ರಿ, ಇವಳಿಗೇ ಗೊತ್ತಿಲ್ಲ,” ಕೆಂಚಣ್ಣ ಉಳಿದವರ ಕಡೆ ತಿರುಗಿದ.

ಅಷ್ಟರಲ್ಲಿ ಸಿದ್ದೇಶ್ ಎದ್ದಿದ್ದ. “ನಾಲ್ಕು ಜನರ ಮುಂದೆ ನನಗೇ ಪಾಠ ಹೇಳ್ತೀಯ?” ನೀರು ತುಂಬಿದ ತಾಮ್ರದ ತಂಬಿಗೆಯನ್ನು ಎತ್ತಿ ಅವಳ ಬಾಯಿಗೆ ಬೀಸಿದ. ಹಲ್ಲೊಂದು ಮುರಿಯಿತು. ಬಿದ್ದವಳ ಹೊಟ್ಟೆಗೆ ಒದ್ದ, ಇನ್ನೊಮ್ಮೆ ಒದ್ದ. ಮಂಡಕ್ಕಿ ತಟ್ಟೆಯೊಳಗೆ ರಕ್ತ ತೊಟ್ಟಿಕ್ಕಿತು.

ಕೆಂಚಣ್ಣ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ. “ಸಾಕು ಬಿಡಲೇ.” ಆಮೇಲೆ ಅವಳಿಗೆ, “ನೀನೇ ಕೆಣಕಿದ್ದಮ್ಮ. ಇದು ಲೆಕ್ಕಕ್ಕೆ ಬ್ಯಾಡ. ಮುಖ ತೊಳ್ಕೊಂಡು ಸೀರೆ ಬದಲಾಯಿಸು, ಗಂಡನ ಜೊತೆ ಹೊರಡು,” ಅಂದ.

ಓಬವ್ವ ಒದ್ದೆ ಬಟ್ಟೆ ತಂದು ಮಗಳ ಗದ್ದ ಒರೆಸಲು ಬಾಗಿದಳು. ಭಾಗ್ಯಲಕ್ಷ್ಮಿ ಅವಳ ಮಣಿಕಟ್ಟು ಹಿಡಿದಳು.

“ಬ್ಯಾಡವ್ವ. ಒಂಬತ್ತು ವರ್ಷ ನಾನೇ ಒರೆಸಿದೆ. ನೆಲ, ಗೋಡೆ, ಮುಖ, ಎಲ್ಲ. ಅದಕ್ಕೇ ಮಾವಗೆ ಮೂರೇ ಕಂಡಿದ್ದು.”

ಗೋಡೆ ಹಿಡಿದು ಎದ್ದಳು. ಬಾಗಿಲಲ್ಲಿ ಸಿದ್ದೇಶ್ ಅಡ್ಡ ನಿಂತ. ಓಬವ್ವ ಆ ಒದ್ದೆ ಬಟ್ಟೆಯನ್ನು ಅವನ ಕೈಗೆ ತುರುಕಿದಳು.

“ತಗೋ. ನೆಲ ನೀನು ಒರೆಸು.”

ಅವನು ಬಟ್ಟೆ ನೋಡುತ್ತ ನಿಂತಾಗ ತಾಯಿ ಮಗಳು ದಾಟಿ ಹೊರಟರು. ಭಾನುವಾರದ ಪೇಟೆಯ ನಡುವೆ, ರಕ್ತ ಇಳಿದ ಸೀರೆಯಲ್ಲೇ ಭಾಗ್ಯಲಕ್ಷ್ಮಿ ಪೊಲೀಸ್ ಠಾಣೆಯವರೆಗೆ ನಡೆದಳು. ಮಹಿಳಾ ಪೇದೆ ಗಾಬರಿಯಿಂದ ಎದ್ದು ನಿಂತು, “ನಲ್ಲಿ ಅಲ್ಲೈತೆ, ಮೊದಲು ಮುಖ ತೊಳ್ಕೊಳ್ರಿ,” ಅಂದಳು.

“ನೀವು ಮೊದಲು ನೋಡಿ ಬರ್ಕೊಳ್ರಿ,” ಅಂದಳು ಭಾಗ್ಯಲಕ್ಷ್ಮಿ. “ಆಮೇಲೆ ತೊಳ್ಕೊಂತೀನಿ.”